ಕಬಡ್ಡಿ ತೀರ್ಪುಗಾರಿಕೆ

ಕಬಡ್ಡಿ ಪಂದ್ಯದಲ್ಲಿ ರೈಡರ್ ಮತ್ತು ರಕ್ಷಣಾ ಆಟಗಾರರ ನಡುವೆ ನಡೆಯುವ ಸ್ಪರ್ಶ, ಹಿಡಿತ, ಗೆರೆ ದಾಟುವಿಕೆಗಳನ್ನು ನಿಯಮಕ್ಕೆ ಒರೆ ಹಚ್ಚಿ, ಯಾರು ಔಟ್, ಯಾವ ತಂಡಕ್ಕೆ ಎಷ್ಟು ಅಂಕ ಎಂದು ಅಂಕಣದಲ್ಲೇ ನಿರ್ಧರಿಸುವ ಕ್ರಮಕ್ಕೆ ಕಬಡ್ಡಿ ತೀರ್ಪುಗಾರಿಕೆ ಎಂದು ಹೆಸರು. ಒಂದು ರೈಡ್‌ಗೆ ಸಿಗುವುದು ಗರಿಷ್ಠ 30 ಸೆಕೆಂಡು. ಅದರಲ್ಲೂ ನಿರ್ಣಾಯಕ ಘಟನೆಗಳೆಲ್ಲ ಸಾಮಾನ್ಯವಾಗಿ ಕೊನೆಯ ಎರಡು ಮೂರು ಸೆಕೆಂಡುಗಳಲ್ಲಿ ಒಂದರ ಮೇಲೊಂದು ನಡೆದುಹೋಗುತ್ತವೆ. ಮುಟ್ಟಿದ್ದು ಮೊದಲೋ ಗೆರೆ ತುಳಿದದ್ದು ಮೊದಲೋ, ಉಸಿರು ಕಡಿದದ್ದು ಮೊದಲೋ ಕೈ ಮಧ್ಯರೇಖೆಗೆ ತಾಗಿದ್ದು ಮೊದಲೋ ಎಂಬ ಪ್ರಶ್ನೆಯ ಮೇಲೆಯೇ ಬಹುಪಾಲು ತೀರ್ಪುಗಳು ನಿಂತಿವೆ. ಹಳ್ಳಿಯ ಮಣ್ಣಿನ ಅಂಕಣದಿಂದ ಏಷ್ಯನ್ ಗೇಮ್ಸ್ ಫೈನಲ್‌ವರೆಗೆ ನಡೆದ ವಾಗ್ವಾದಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವು ಈ ಹಿಂದುಮುಂದಿನ ಲೆಕ್ಕಕ್ಕೇ ಬಂದು ನಿಲ್ಲುತ್ತವೆ.

ಹಿನ್ನೆಲೆ

ಕಬಡ್ಡಿ ಬಹುಕಾಲ ಸೀಮೆಗೊಂದು ಕಟ್ಟಳೆಯ ಆಟವಾಗಿತ್ತು. ತಮಿಳುನಾಡಿನಲ್ಲಿ ಸಡುಗುಡು, ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು ಎಂದು ಕರೆಸಿಕೊಂಡ ಈ ಆಟಕ್ಕೆ ಹೆಸರಿನಷ್ಟೇ ನಿಯಮಗಳೂ ಬೇರೆಬೇರೆ. ಔಟಾದವನು ಮರಳಿ ಆಡಬಹುದೇ ಎಂಬ ಮೂಲ ಪ್ರಶ್ನೆಗೇ ಮೂರು ಉತ್ತರಗಳಿದ್ದವು. ಸಂಜೀವನಿ ಪದ್ಧತಿಯಲ್ಲಿ ಎದುರಾಳಿಯೊಬ್ಬ ಔಟಾದರೆ ತನ್ನ ತಂಡದ ಒಬ್ಬ ಮರಳಿ ಬರುತ್ತಾನೆ. ಗಾಮಿನಿಯಲ್ಲಿ ಇಡೀ ತಂಡ ಔಟಾಗುವವರೆಗೆ ಯಾರೂ ಮರಳುವಂತಿಲ್ಲ. ಅಮರ್ ಪದ್ಧತಿಯಲ್ಲಿ ಔಟಾದವನು ಅಂಕಣ ಬಿಡುವುದೇ ಇಲ್ಲ, ಅಂಕವನ್ನು ಮಾತ್ರ ಎಣಿಸಲಾಗುತ್ತದೆ. ಇಂದಿನ ಕಬಡ್ಡಿ ಬೆಳೆದದ್ದು ಸಂಜೀವನಿಯ ತಳಹದಿಯ ಮೇಲೆ.

20ನೇ ಶತಮಾನದ ಮೊದಲ ದಶಕಗಳಲ್ಲಿ ಮಹಾರಾಷ್ಟ್ರದಲ್ಲಿ ನಿಯಮಗಳನ್ನು ಬರೆದಿಡುವ ಕೆಲಸ ನಡೆಯಿತು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ರೂಪುಗೊಂಡ ಮೇಲೆ ರಾಜ್ಯ ರಾಜ್ಯಗಳ ನಡುವಿನ ಪಂದ್ಯಗಳಿಗೆ ಒಂದೇ ನಿಯಮಾವಳಿ ಬಂತು. ಮುಂದೆ ಆ ಹೊಣೆ ಭಾರತೀಯ ಅಮೆಚೂರ್ ಕಬಡ್ಡಿ ಫೆಡರೇಷನ್‌ಗೆ ಸೇರಿತು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಕಬಡ್ಡಿ ಪದಕದ ಕ್ರೀಡೆಯಾಯಿತು. ಮಹಿಳೆಯರಿಗೆ ಆ ಅವಕಾಶ ಸಿಗಲು 2010ರ ಗುವಾಂಗ್‌ಝೌ ಕೂಟದವರೆಗೆ ಕಾಯಬೇಕಾಯಿತು. ಅಲ್ಲಿ ಮತ್ತು 2014ರ ಇಂಚಾನ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ಇದ್ದರು.

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಆಟವನ್ನು ಮ್ಯಾಟ್ ಮೇಲೆ, ಕ್ಯಾಮೆರಾಗಳ ನಡುವೆ ತಂದು ನಿಲ್ಲಿಸಿತು. ತೀರ್ಪುಗಾರಿಕೆಯ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಅಂಪೈರ್ ಕಣ್ಣಿಗೆ ಬಿದ್ದದ್ದೇ ಅಂತಿಮ ಸತ್ಯವಾಗಿತ್ತು. ಈಗ ಅದೇ ದೃಶ್ಯವನ್ನು ನಿಧಾನಗತಿಯಲ್ಲಿ ಮನೆಮನೆಯವರೂ ನೋಡತೊಡಗಿದರು.

ಅಂಕಣ ಮತ್ತು ಗೆರೆಗಳು

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮೀಟರ್ ಉದ್ದ, 8 ಮೀಟರ್ ಅಗಲ. ನಡುವೆ ಮಧ್ಯರೇಖೆ. ಅದರಿಂದ ಎದುರಾಳಿ ಅಂಕಣದೊಳಗೆ ಪುರುಷರಿಗೆ 3.75 ಮೀಟರ್, ಮಹಿಳೆಯರಿಗೆ 3 ಮೀಟರ್ ದೂರದಲ್ಲಿ ಬಾಕ್ ಲೈನ್ ಇರುತ್ತದೆ. ಅದಕ್ಕಿಂತ 1 ಮೀಟರ್ ಆಚೆಗೆ ಬೋನಸ್ ಲೈನ್. ಎರಡು ಬದಿಗಳಲ್ಲಿ ಉದ್ದಕ್ಕೂ 1 ಮೀಟರ್ ಅಗಲದ ಪಟ್ಟಿಗಳಿದ್ದು, ಅವನ್ನು ಲಾಬಿ ಎನ್ನುತ್ತಾರೆ. ಪ್ರತಿ ತಂಡದಿಂದ 7 ಮಂದಿ ಅಂಕಣದಲ್ಲಿರುತ್ತಾರೆ. ಔಟಾದವರು ಅಂತ್ಯರೇಖೆಯ ಹಿಂದಿನ ಕೂರುವ ಚೌಕದಲ್ಲಿ, ಔಟಾದ ಅನುಕ್ರಮದಲ್ಲೇ ಕೂರಬೇಕು.

ಈ ಗೆರೆಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಅರ್ಥವಿದೆ. ಬಾಕ್ ಲೈನ್ ರೈಡರ್‌ನ ಕನಿಷ್ಠ ಕರ್ತವ್ಯವನ್ನು ಗುರುತಿಸುತ್ತದೆ. ಅದನ್ನು ಒಮ್ಮೆಯಾದರೂ ದಾಟದೆ ಹಿಂದಿರುಗಿದವನು ಔಟ್. ಅದಕ್ಕೆ ಮೊದಲೇ ಎದುರಾಳಿಯ ಸ್ಪರ್ಶವಾಗಿದ್ದರೆ ಮಾತ್ರ ಈ ಕರಾರು ಇಲ್ಲ. ಬೋನಸ್ ಲೈನ್ ಹೆಚ್ಚುವರಿ ಸಾಹಸಕ್ಕೆ ಸಿಗುವ ಅಂಕದ ಗುರುತು. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಲಾಬಿ. ಅದು ಅಂಕಣದ ಭಾಗವೂ ಹೌದು, ಅಲ್ಲವೂ ಹೌದು. ರೈಡರ್ ಮತ್ತು ರಕ್ಷಣಾ ಆಟಗಾರರ ನಡುವೆ ಸ್ಪರ್ಶ ಆಗುವವರೆಗೆ ಅದು ಹೊರಗಿನ ನೆಲ; ಸ್ಪರ್ಶವಾದ ಕ್ಷಣದಿಂದ ಒಳಗಿನ ನೆಲ.

ಅಧಿಕಾರಿಗಳು

ನಿಯಮಾವಳಿಯ ಪ್ರಕಾರ ಒಂದು ಪಂದ್ಯಕ್ಕೆ ಒಬ್ಬ ರೆಫ್ರಿ, ಇಬ್ಬರು ಅಂಪೈರ್‌ಗಳು, ಒಬ್ಬ ಸ್ಕೋರರ್ ಹಾಗೂ ಇಬ್ಬರು ಸಹಾಯಕ ಸ್ಕೋರರ್‌ಗಳು ಬೇಕು. ಅಂಪೈರ್‌ಗಳು ಅಂಕಣದ ಎರಡು ಉದ್ದ ಬದಿಗಳಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ರೈಡ್‌ನ ತೀರ್ಪು ಕೊಡುವವರು ಅವರೇ, ಅವರ ತೀರ್ಪು ಸಾಮಾನ್ಯವಾಗಿ ಅಂತಿಮ. ಇಬ್ಬರ ನಡುವೆ ಭಿನ್ನಾಭಿಪ್ರಾಯ ಬಂದಾಗ ಅಥವಾ ವಿಶೇಷ ಸಂದರ್ಭದಲ್ಲಿ ರೆಫ್ರಿ ಮಧ್ಯಪ್ರವೇಶಿಸುತ್ತಾರೆ. ಟಾಸ್ ಮಾಡಿಸುವುದು, ಪಂದ್ಯದ ಮೇಲ್ವಿಚಾರಣೆ, ಆಟಗಾರರಿಗೆ ಎಚ್ಚರಿಕೆ ನೀಡುವುದು ರೆಫ್ರಿಯ ಹೊಣೆ. ಹೆಸರು ದೊಡ್ಡದಾದರೂ ಪ್ರತಿ ರೈಡ್‌ನಲ್ಲೂ ಬೆವರು ಸುರಿಸುವವರು ಅಂಪೈರ್‌ಗಳೇ.

ಸಹಾಯಕ ಸ್ಕೋರರ್‌ಗಳ ಕೆಲಸ ಪ್ರೇಕ್ಷಕರ ಕಣ್ಣಿಗೆ ಬೀಳುವುದು ಕಡಿಮೆ. ಅಂತ್ಯರೇಖೆಯ ಬಳಿ ಕುಳಿತು, ಔಟಾದವರನ್ನು ಸಾಲಾಗಿ ಕೂರಿಸಿ, ಮರಳುವಾಗ ಅದೇ ಸಾಲಿನಲ್ಲಿ ಒಳಗೆ ಬಿಡುವವರು ಅವರು. ಹಿಂಬದಿಯ ಗೆರೆಯಾಚೆ ಯಾರಾದರೂ ಕಾಲಿಟ್ಟರೆ ಕೈ ಎತ್ತಿ ಅಂಪೈರ್‌ಗೆ ತಿಳಿಸುವವರೂ ಅವರೇ. ಬದಿಯಲ್ಲಿ ನಿಂತ ಅಂಪೈರ್‌ಗೆ ಆರೇಳು ದೇಹಗಳ ಮರೆಯಲ್ಲಿ ಕಾಣದ ಹಿಮ್ಮಡಿ ಇವರಿಗೆ ನೇರವಾಗಿ ಕಾಣುತ್ತದೆ.

ತೀರ್ಪಿನ ಬಗೆಗಳು

ಕ್ಯಾಂಟ್. ರೈಡರ್ ‘ಕಬಡ್ಡಿ’ ಎಂಬ ಪದವನ್ನು ಸ್ಪಷ್ಟವಾಗಿ, ತಡೆಯಿಲ್ಲದೆ ಉಚ್ಚರಿಸುತ್ತಿರಬೇಕು. ಇದಕ್ಕೆ ಕ್ಯಾಂಟ್ ಎಂದು ಹೆಸರು. ಎದುರಾಳಿ ಅಂಕಣಕ್ಕೆ ಕಾಲಿಡುವ ಮೊದಲೇ ಅದು ಆರಂಭವಾಗಿರಬೇಕು. ತಡವಾದರೆ ರೈಡರ್ ಔಟ್ ಅಲ್ಲ, ಆದರೆ ಅವನನ್ನು ಹಿಂದಕ್ಕೆ ಕಳುಹಿಸಿ ಎದುರಾಳಿಗೆ ಒಂದು ತಾಂತ್ರಿಕ ಅಂಕ ಮತ್ತು ರೈಡ್ ಅವಕಾಶ ಕೊಡಲಾಗುತ್ತದೆ. ಎದುರಾಳಿ ಅಂಕಣದಲ್ಲಿ ಕ್ಯಾಂಟ್ ಕಡಿದರೆ ಔಟ್. ಕಣ್ಣಿನಿಂದಲ್ಲದೆ ಕಿವಿಯಿಂದ ಕೊಡಬೇಕಾದ ತೀರ್ಪು ಇದೊಂದೇ. ಸಾವಿರಾರು ಜನ ಕೂಗುವ ಮೈದಾನದಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ಆದ್ದರಿಂದ ದೊಡ್ಡ ಪಂದ್ಯಗಳಲ್ಲಿ ರೈಡ್‌ನ ಮಿತಿಯನ್ನು ಉಸಿರಿಗಿಂತ 30 ಸೆಕೆಂಡಿನ ಗಡಿಯಾರವೇ ಹೆಚ್ಚಾಗಿ ನಿರ್ಧರಿಸುತ್ತದೆ.

ಬೋನಸ್. ಎದುರಾಳಿ ತಂಡದ ಆರು ಅಥವಾ ಹೆಚ್ಚು ಆಟಗಾರರು ಅಂಕಣದಲ್ಲಿದ್ದಾಗ ಮಾತ್ರ ಬೋನಸ್ ಸಾಧ್ಯ. ರೈಡರ್‌ನ ಒಂದು ಪಾದ ಬೋನಸ್ ಲೈನ್ ಆಚೆಯ ನೆಲ ಮುಟ್ಟುವ ಕ್ಷಣದಲ್ಲಿ ಹಿಂದಿನ ಪಾದ ನೆಲದಿಂದ ಮೇಲಿರಬೇಕು. ಹಾಗಾಗಿ ಅಂಪೈರ್ ಒಂದೇ ನೋಟದಲ್ಲಿ ಎರಡು ಕಾಲುಗಳನ್ನು ಹಿಡಿಯಬೇಕು. ಮುಂದಿನ ಪಾದ ಗೆರೆ ದಾಟಿತೇ, ಅದೇ ಹೊತ್ತಿಗೆ ಹಿಂದಿನ ಬೆರಳ ತುದಿ ನೆಲ ಬಿಟ್ಟಿತ್ತೇ? ಅನುಭವಿ ಅಂಪೈರ್‌ಗಳು ಈ ಕ್ಷಣಕ್ಕೆ ಮೊಣಕಾಲು ಬಗ್ಗಿಸಿ ನೋಟವನ್ನು ನೆಲಮಟ್ಟಕ್ಕೆ ಇಳಿಸುತ್ತಾರೆ. ಬೋನಸ್ ಕೊಟ್ಟರೆ ಹೆಬ್ಬೆರಳು ಮೇಲೆತ್ತುವುದು ಸಂಜ್ಞೆ. ಹಿಡಿತ ಅಥವಾ ಸ್ಪರ್ಶ ಮೊದಲೇ ಆಗಿದ್ದರೆ ಆಮೇಲೆ ಗೆರೆ ದಾಟಿದರೂ ಬೋನಸ್ ಇಲ್ಲ. ಬೋನಸ್ ಅಂಕದಿಂದ ಔಟಾದ ಆಟಗಾರ ಮರಳಿ ಬರುವುದಿಲ್ಲ.

ಸ್ಪರ್ಶ. ರೈಡರ್‌ನ ದೇಹದ ಯಾವುದೇ ಭಾಗ, ತೊಟ್ಟ ಬಟ್ಟೆ ಅಥವಾ ಶೂ ಎದುರಾಳಿಗೆ ತಾಗಿ ಅವನು ಸುರಕ್ಷಿತವಾಗಿ ಮರಳಿದರೆ ತಾಗಿಸಿಕೊಂಡವರೆಲ್ಲ ಔಟ್. ಕೈ ಬೆರಳ ಸ್ಪರ್ಶಕ್ಕಿಂತ ಓಡುವಾಗ ಹಿಂದಕ್ಕೆ ಬೀಸಿದ ಒದೆತ, ಅಂಗಿಯ ತುದಿಯ ಸವರುವಿಕೆ ಗುರುತಿಸುವುದು ಕಷ್ಟ. ಮುಟ್ಟಿಸಿಕೊಂಡವನೇ ಕೈ ಎತ್ತಿ ಹೊರನಡೆಯುವ ಪರಿಪಾಠ ಇಂದಿಗೂ ಇದೆ, ಪಂದ್ಯ ಬಿಗಿಯಾದಷ್ಟೂ ಅದು ಕಡಿಮೆಯಾಗುತ್ತದೆ ಅಷ್ಟೆ.

ಹಿಡಿತ. ಆ್ಯಂಕಲ್ ಹೋಲ್ಡ್, ತೊಡೆ ಹಿಡಿತ, ಸೊಂಟದ ಹಿಡಿತ, ಬ್ಲಾಕ್, ಇಬ್ಬರು ಕೈ ಕೈ ಹಿಡಿದು ಅಡ್ಡಗಟ್ಟುವ ಚೈನ್, ಮೈಯಿಂದ ಗುದ್ದಿ ಹೊರದೂಡುವ ಡ್ಯಾಶ್ ಇವೆಲ್ಲ ನಿಯಮಬದ್ಧ. ಕೈಕಾಲು ಮತ್ತು ಮುಂಡ ಬಿಟ್ಟು ಬೇರೆ ಭಾಗವನ್ನು ಬೇಕೆಂದೇ ಹಿಡಿಯುವಂತಿಲ್ಲ. ಕೂದಲು, ಬಟ್ಟೆ ಎಳೆಯುವುದು, ಬಾಯಿ ಮುಚ್ಚಿ ಕ್ಯಾಂಟ್ ನಿಲ್ಲಿಸುವುದು, ಎರಡು ಕಾಲುಗಳ ನಡುವೆ ಕತ್ತರಿಯಂತೆ ಸಿಕ್ಕಿಸುವುದು ತಪ್ಪು. ಹಾಗೆ ಹಿಡಿದರೆ ರೈಡರ್ ಔಟ್ ಅಲ್ಲ.

ಹಿಡಿತ ಬಿದ್ದ ಮೇಲಿನ ಎಳೆದಾಟವೇ ತೀರ್ಪುಗಾರನಿಗೆ ಅತ್ಯಂತ ಕಠಿಣ ಘಟ್ಟ. ರೈಡರ್ ನಾಲ್ಕು ಜನರನ್ನು ಎಳೆದುಕೊಂಡೇ ಮಧ್ಯರೇಖೆಗೆ ಕೈ ಚಾಚಿ ತಲುಪಿದರೆ ಹಿಡಿದ ನಾಲ್ವರೂ ಔಟ್. ಅದಕ್ಕೆ ಮೊದಲು ಕ್ಯಾಂಟ್ ಕಡಿದರೆ, ಅವಧಿ ಮುಗಿದರೆ ಅಥವಾ ಅಂಪೈರ್ ಸಿಳ್ಳೆ ಊದಿದರೆ ಅವನೊಬ್ಬನೇ ಔಟ್. ಒಂದು ಬೆರಳಗಲದ ಅಂತರದಲ್ಲಿ ನಾಲ್ಕು ಅಂಕ ಆ ಕಡೆಗೋ ಒಂದು ಅಂಕ ಈ ಕಡೆಗೋ ಹೋಗುತ್ತದೆ. ಎಳೆದಾಟದ ಹೊತ್ತಿನಲ್ಲಿ ದೇಹ ಹೊರಗೆ ಹೋದರೂ, ಯಾವುದಾದರೊಂದು ಭಾಗ ಒಳಗಿನ ನೆಲಕ್ಕೆ ತಾಗಿದ್ದರೆ ಆಟಗಾರ ಔಟ್ ಅಲ್ಲ ಎಂಬ ನಿಯಮವೂ ಇದೆ. ಕಾಲು, ಸೊಂಟ, ತಲೆ ಎಲ್ಲ ಗೆರೆಯಾಚೆ ಬಿದ್ದಿದ್ದು ಒಂದು ಮೊಣಕೈ ಮಾತ್ರ ಒಳಗೆ ಊರಿಕೊಂಡ ರೈಡರ್‌ನನ್ನು ಪ್ರೇಕ್ಷಕರು ಔಟ್ ಎಂದು ಕೂಗುತ್ತಿದ್ದರೂ ಅಂಪೈರ್ ಆಟ ಮುಂದುವರಿಸುವುದು ಇದೇ ಕಾರಣಕ್ಕೆ.

ಅಂಕಗಳ ಲೆಕ್ಕ. ಒಬ್ಬ ಔಟಾದರೆ ಒಂದು ಅಂಕ, ಇಡೀ ತಂಡ ಔಟಾದರೆ ಲೋನಾ ಎಂದು ಎರಡು ಹೆಚ್ಚುವರಿ ಅಂಕ. ಮೂವರು ಅಥವಾ ಅದಕ್ಕಿಂತ ಕಡಿಮೆ ರಕ್ಷಣಾ ಆಟಗಾರರಿದ್ದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ಸತತ ಎರಡು ರೈಡ್‌ಗಳು ಬರಿದಾದರೆ ಮೂರನೆಯದು ‘ಮಾಡು ಇಲ್ಲವೆ ಮಡಿ’ ರೈಡ್. ಅದರಲ್ಲೂ ಅಂಕ ಬಾರದಿದ್ದರೆ ರೈಡರ್ ಔಟ್.

ಶಿಸ್ತು. ಹಸಿರು ಕಾರ್ಡ್ ಎಚ್ಚರಿಕೆ, ಹಳದಿ ಎರಡು ನಿಮಿಷದ ಅಮಾನತು, ಕೆಂಪು ಪಂದ್ಯದಿಂದಲೇ ಹೊರಕ್ಕೆ. ಮೈಗೆ ಎಣ್ಣೆ ಹಚ್ಚಿಕೊಂಡು ಬರುವುದಕ್ಕೆ, ಉಗುರು ಬಿಡುವುದಕ್ಕೆ ನಿಷೇಧವಿದೆ.

ಲಾಬಿ ನಿಯಮ ಮತ್ತು ಹ್ಯಾಂಗ್‌ಝೌ ಫೈನಲ್

ಕಬಡ್ಡಿಯ ಇತಿಹಾಸದಲ್ಲಿ ಹೆಚ್ಚು ಚರ್ಚೆಯಾದ ತೀರ್ಪುಗಳಲ್ಲೊಂದು 2023ರ ಅಕ್ಟೋಬರ್ 7ರಂದು ಚೀನಾದ ಹ್ಯಾಂಗ್‌ಝೌನಲ್ಲಿ ಬಂತು. ಏಷ್ಯನ್ ಗೇಮ್ಸ್ ಪುರುಷರ ಫೈನಲ್‌ನಲ್ಲಿ ಭಾರತ ಮತ್ತು ಇರಾನ್ 28–28ರಲ್ಲಿ ಸಮನಾಗಿದ್ದವು. ಉಳಿದಿದ್ದುದು ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಭಾರತದ ನಾಯಕ ಪವನ್ ಸೆಹ್ರಾವತ್ ‘ಮಾಡು ಇಲ್ಲವೆ ಮಡಿ’ ರೈಡ್‌ಗೆ ಹೋದರು, ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟರು. ಅವರನ್ನು ಹಿಡಿಯುವ ಭರದಲ್ಲಿ ಇರಾನ್ ಆಟಗಾರರೂ ಹಿಂದೆಯೇ ಲಾಬಿಗೆ ನುಗ್ಗಿದರು.

ಪ್ರಶ್ನೆ ಹುಟ್ಟಿದ್ದು ಇಲ್ಲಿ. ಅಂತರರಾಷ್ಟ್ರೀಯ ಫೆಡರೇಷನ್‌ನ ನಿಯಮದಂತೆ ಸ್ಪರ್ಶವಿಲ್ಲದೆ ಲಾಬಿಗೆ ಹೋದವರೆಲ್ಲ ಔಟ್. ಹಾಗಾದರೆ ರೈಡರ್ ಔಟಾಗಿ ಇರಾನ್‌ಗೆ ಒಂದು, ಹಿಂದೆ ಹೋದ ನಾಲ್ವರು ಔಟಾಗಿ ಭಾರತಕ್ಕೆ ನಾಲ್ಕು. ಪ್ರೊ ಕಬಡ್ಡಿಯಲ್ಲಿ ಬಳಕೆಗೆ ಬಂದ ಹೊಸ ನಿಯಮ ಬೇರೆ ಮಾತು ಹೇಳುತ್ತದೆ. ಅದರಂತೆ ರೈಡರ್ ಲಾಬಿ ತುಳಿದ ಕ್ಷಣಕ್ಕೆ ರೈಡ್ ಮುಗಿಯಿತು. ಆಮೇಲೆ ಯಾರು ಎಲ್ಲಿ ಕಾಲಿಟ್ಟರೂ ಲೆಕ್ಕಕ್ಕಿಲ್ಲ. ಮೊದಲು ಎರಡೂ ತಂಡಗಳಿಗೆ ಒಂದೊಂದು ಅಂಕ ಕೊಡಲಾಯಿತು. ಭಾರತ ಆಕ್ಷೇಪಿಸಿತು, ತೀರ್ಪು ಬದಲಾಯಿತು. ಇರಾನ್ ಪ್ರತಿಭಟಿಸಿತು, ಮತ್ತೆ ಬದಲಾಯಿತು. ಆಟಗಾರರು ಮ್ಯಾಟ್ ಮೇಲೆಯೇ ಕುಳಿತರು. ಪಂದ್ಯ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತಕ್ಕೆ ನಾಲ್ಕು, ಇರಾನ್‌ಗೆ ಒಂದು ಎಂಬ ತೀರ್ಪು ಉಳಿಯಿತು. ಭಾರತ 33–29ರಿಂದ ಚಿನ್ನ ಗೆದ್ದಿತು.

ಈ ಪ್ರಕರಣದಲ್ಲಿ ಕಣ್ಣಿನ ತಪ್ಪು ಇರಲಿಲ್ಲ ಎಂಬುದು ಗಮನಾರ್ಹ. ಯಾರ ಕಾಲು ಎಲ್ಲಿತ್ತು ಎಂಬುದು ಎಲ್ಲರಿಗೂ ಸ್ಪಷ್ಟವಾಗಿ ಕಂಡಿತ್ತು. ಯಾವ ಪುಸ್ತಕ ತೆರೆಯಬೇಕು ಎಂಬುದರ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ. ಅದೇ ದಿನ ಮಹಿಳೆಯರ ಫೈನಲ್‌ನಲ್ಲಿ ಭಾರತ ಚೈನೀಸ್ ತೈಪೆಯನ್ನು 26–25ರಿಂದ ಸೋಲಿಸಿತ್ತು; ಅಲ್ಲಿ ಒಂದು ಬೋನಸ್ ಆಚೀಚೆಯಾಗಿದ್ದರೂ ಫಲಿತಾಂಶ ಬೇರೆ.

ವಿಡಿಯೊ ಮರುಪರಿಶೀಲನೆ

ಪ್ರೊ ಕಬಡ್ಡಿಯಲ್ಲಿ ತೀರ್ಪು ಒಪ್ಪದ ತಂಡ ರಿವ್ಯೂ ಕೇಳಬಹುದು. ಟಿವಿ ಅಂಪೈರ್ ದೃಶ್ಯಗಳನ್ನು ಬೇರೆಬೇರೆ ಕೋನಗಳಿಂದ ನೋಡಿ ನಿರ್ಧರಿಸುತ್ತಾರೆ. ವಾದ ಸರಿಯೆಂದಾದರೆ ರಿವ್ಯೂ ಉಳಿಯುತ್ತದೆ, ಇಲ್ಲದಿದ್ದರೆ ಕೈತಪ್ಪುತ್ತದೆ. ಅಂಪೈರ್‌ಗಳೇ ಅನುಮಾನವಿದ್ದಾಗ ನೆರವು ಕೇಳುವುದೂ ಉಂಟು. ಕೋವಿಡ್ ಕಾರಣಕ್ಕೆ 2021–22ರ ಎಂಟನೇ ಆವೃತ್ತಿ ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಹೊರಗಿನ ಗದ್ದಲವಿಲ್ಲದ ಆ ಅಂಕಣದಲ್ಲಿ ತೀರ್ಪುಗಾರರ ಮೇಲಿದ್ದುದು ಆಟಗಾರರ, ತರಬೇತುದಾರರ ಒತ್ತಡವಷ್ಟೇ.

ಹಿಡಿತ ಮತ್ತು ನೂಕಾಟ ಇರುವ ಇನ್ನೊಂದು ಆಟ ರಗ್ಬಿ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿ ಅವನನ್ನು ಕೆಡವುವ ಈ ಆಟದಲ್ಲಿ ತೀರ್ಪಿನ ತೊಡಕುಗಳು ಕಬಡ್ಡಿಯದಕ್ಕೆ ಹತ್ತಿರ. ಹ್ಯಾಂಗ್‌ಝೌ ಪಂದ್ಯ ನಡೆದ ಮೂರು ವಾರಗಳ ನಂತರ, 2023ರ ಅಕ್ಟೋಬರ್ 28ರಂದು, ಪ್ಯಾರಿಸ್ ಬಳಿಯ ಸ್ಟಾಡ್ ಡಿ ಫ್ರಾನ್ಸ್‌ನಲ್ಲಿ ರಗ್ಬಿ ವಿಶ್ವಕಪ್ ಫೈನಲ್ ನಡೆಯಿತು. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಎದುರಾಳಿಯ ತಲೆಗೆ ತಾಗುವಂತೆ ಟ್ಯಾಕಲ್ ಮಾಡಿದರು. ರೆಫ್ರಿ ವೇಯ್ನ್ ಬಾರ್ನ್ಸ್ ಮೊದಲು ಹಳದಿ ಕಾರ್ಡ್ ತೋರಿಸಿದರು. ಆಟ ಮುಂದುವರಿಯುತ್ತಿದ್ದಂತೆ ಹೊರಗೆ ಕುಳಿತ ಅಧಿಕಾರಿ ದೃಶ್ಯ ಪರಿಶೀಲಿಸಿ ಅದನ್ನು ಕೆಂಪಾಗಿ ಬದಲಿಸಿದರು. ವಿಶ್ವಕಪ್ ಫೈನಲ್‌ನಲ್ಲಿ ಪುರುಷ ಆಟಗಾರನೊಬ್ಬನಿಗೆ ಕೆಂಪು ಕಾರ್ಡ್ ಸಿಕ್ಕಿದ್ದು ಅದೇ ಮೊದಲು. ಅದೇ ಪಂದ್ಯದಲ್ಲಿ ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಗಳಿಸಿದ ಟ್ರೈಯನ್ನು, ಅದಕ್ಕೂ ಮುಂಚೆ ಚೆಂಡು ಕೈಯಿಂದ ಮುಂದಕ್ಕೆ ಜಾರಿತ್ತು ಎಂದು ವಿಡಿಯೊ ನೋಡಿ ರದ್ದುಪಡಿಸಲಾಯಿತು. ದಕ್ಷಿಣ ಆಫ್ರಿಕಾ 12–11ರಿಂದ ಗೆದ್ದಿತು.

ಎರಡು ಆಟಗಳ ವ್ಯತ್ಯಾಸವೂ ಈ ಉದಾಹರಣೆಯಲ್ಲೇ ಇದೆ. ರಗ್ಬಿಯಲ್ಲಿ ಕೆಂಪು–ಹಳದಿಯ ತೂಕ ನೋಡಲು ಆಟ ನಿಲ್ಲಬೇಕಿಲ್ಲ. ಕಬಡ್ಡಿಯಲ್ಲಿ ಒಬ್ಬ ಔಟಾದನೇ ಇಲ್ಲವೇ ಎಂಬುದು ಇತ್ಯರ್ಥವಾಗದೆ ಮುಂದಿನ ರೈಡ್ ಆರಂಭಿಸಲಾಗದು, ಏಕೆಂದರೆ ಅಂಕಣದಲ್ಲಿ ಎಷ್ಟು ಜನ ನಿಲ್ಲಬೇಕು ಎಂಬುದೇ ಆ ತೀರ್ಪಿನ ಮೇಲೆ ನಿಂತಿರುತ್ತದೆ.

ತಾಲ್ಲೂಕು ಮಟ್ಟದ ತೀರ್ಪುಗಾರಿಕೆ

ಕ್ಯಾಮೆರಾ ಇಲ್ಲದ ಕಬಡ್ಡಿಯೇ ಇಂದಿಗೂ ಹೆಚ್ಚು. 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಯ ಜಗಳೂರು, ಚನ್ನಗಿರಿ, ಹೊನ್ನಾಳಿ ಮತ್ತು ನಂತರ ತಾಲ್ಲೂಕಾದ ನ್ಯಾಮತಿಯಲ್ಲಿ, ರಾಜ್ಯದ ಬೇರೆಡೆಯಂತೆಯೇ, ಆಟ ಮೂರು ದಾರಿಗಳಲ್ಲಿ ನಡೆಯುತ್ತದೆ. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟಕ್ಕೆ ಏರುತ್ತವೆ. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಮೈಸೂರಿಗೆ ತಲುಪುತ್ತದೆ. ಮೂರನೆಯದು ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ನೆಪದಲ್ಲಿ ಯುವಕ ಸಂಘಗಳು ಏರ್ಪಡಿಸುವ ‘ಹೊನಲು ಬೆಳಕಿನ’ ಪಂದ್ಯಾವಳಿ.

ಈ ಕೂಟಗಳಲ್ಲಿ ಸಿಳ್ಳೆ ಹಿಡಿಯುವವರು ಹೆಚ್ಚಾಗಿ ದೈಹಿಕ ಶಿಕ್ಷಣ ಶಿಕ್ಷಕರು. ಆರು ಅಧಿಕಾರಿಗಳ ಜಾಗದಲ್ಲಿ ಮೂವರು ನಾಲ್ವರು ಇದ್ದರೆ ಅದೇ ಹೆಚ್ಚು. ಒಬ್ಬರೇ ಅಂಕ ಬರೆಯುತ್ತ, ಔಟಾದವರ ಸರದಿಯನ್ನೂ ನೋಡುವುದು ಸಾಮಾನ್ಯ. ಆಟಗಾರರು ಟಿವಿಯಲ್ಲಿ ಕಂಡಂತೆ ಕೈಯಿಂದ ಚೌಕ ಬರೆದು ರಿವ್ಯೂ ಕೇಳುತ್ತಾರೆ. ಕೊಡಲು ಅಂಪೈರ್ ಬಳಿ ಏನೂ ಇರುವುದಿಲ್ಲ. ಪ್ರೇಕ್ಷಕರೊಬ್ಬರು ಮೊಬೈಲ್‌ನಲ್ಲಿ ತೆಗೆದ ದೃಶ್ಯಕ್ಕೆ ನಿಯಮದಲ್ಲಿ ಸ್ಥಾನವಿಲ್ಲ.

ಮಣ್ಣಿನ ಅಂಕಣದ ತೊಂದರೆಗಳು ಮ್ಯಾಟ್‌ಗಿಂತ ಭಿನ್ನ. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ನಾಲ್ಕಾರು ರೈಡ್‌ಗಳಲ್ಲಿ ಕಾಲಿಗೆ ಸಿಕ್ಕಿ ಅಳಿಸುತ್ತದೆ. ಮೊದಲು ಅಳಿಯುವುದು ಜಗಳಕ್ಕೆ ಹೆಚ್ಚು ಕಾರಣವಾಗುವ ಬೋನಸ್ ಮತ್ತು ಲಾಬಿ ಗೆರೆಗಳೇ. ಅದಕ್ಕಾಗಿ ಕೆಲವೆಡೆ ಹಗ್ಗವನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ನೆಲಕ್ಕೆ ಬಿಗಿಯುತ್ತಾರೆ. ಮಣ್ಣಿನಿಂದ ಒಂದು ಅನುಕೂಲವೂ ಇದೆ. ಸಡಿಲ ಮಾಡಿ ನೀರು ಚಿಮುಕಿಸಿದ ನೆಲದಲ್ಲಿ ಹೆಜ್ಜೆ ಮೂಡುತ್ತದೆ. ಗೆರೆಯಾಚೆ ಹೊಸದಾಗಿ ಒತ್ತಿದ ಹಿಮ್ಮಡಿಯ ಗುರುತನ್ನು ಬೆರಳು ಮಾಡಿ ತೋರಿಸಿದರೆ ವಾದ ಅರ್ಧ ತಣ್ಣಗಾಗುತ್ತದೆ. ಕಾಲು ಎಲ್ಲಿ ಬಿತ್ತು ಎಂಬುದಕ್ಕೆ ಆ ಗುರುತು ಸಾಕ್ಷಿ, ಆದರೆ ಯಾವಾಗ ಬಿತ್ತು ಎಂಬುದನ್ನು ಅದು ಹೇಳದು. ಮುಟ್ಟುವ ಮೊದಲೇ ಬಿದ್ದ ಹೆಜ್ಜೆಯೂ ಮುಟ್ಟಿದ ಮೇಲೆ ಬಿದ್ದ ಹೆಜ್ಜೆಯೂ ಮಣ್ಣಿನಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಅಷ್ಟನ್ನು ಅಂಪೈರ್‌ನೇ ನೋಡಿರಬೇಕು.

ಇಂದಿನ ಸ್ಥಿತಿ

ಅಧಿಕೃತ ಪಂದ್ಯಗಳಲ್ಲಿ ತೀರ್ಪು ನೀಡಲು ಫೆಡರೇಷನ್ ಮತ್ತು ರಾಜ್ಯ ಸಂಸ್ಥೆಗಳು ನಡೆಸುವ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು. ಪ್ರೊ ಕಬಡ್ಡಿಯಲ್ಲಿ ಮಹಿಳಾ ತೀರ್ಪುಗಾರರೂ ಕೆಲಸ ಮಾಡಿದ್ದಾರೆ. ನಿಯಮಗಳ ಏಕರೂಪತೆ ಮಾತ್ರ ಪೂರ್ತಿ ಸಾಧ್ಯವಾಗಿಲ್ಲ. ಲೀಗ್ ತನ್ನ ನಿಯಮಗಳನ್ನು ಆವೃತ್ತಿಯಿಂದ ಆವೃತ್ತಿಗೆ ತಿದ್ದುತ್ತ ಬಂದಿದೆ. ಸೂಪರ್ ಟ್ಯಾಕಲ್, ‘ಮಾಡು ಇಲ್ಲವೆ ಮಡಿ’ಯಂಥವು ಲೀಗ್‌ನಿಂದ ಜನಪ್ರಿಯವಾಗಿ ಇತರ ಪಂದ್ಯಗಳಿಗೂ ಹರಿದಿವೆ. ಹೊನಲು ಬೆಳಕಿನ ಕೂಟಗಳಲ್ಲಿ ಕೆಲವರು ಹಳೆಯ ಪುಸ್ತಕ ಹಿಡಿದು ಬಂದರೆ ಕೆಲವರು ಟಿವಿ ನೋಡಿ ಕಲಿತ ನಿಯಮ ಹೇಳುತ್ತಾರೆ. ಆದ್ದರಿಂದ ಸ್ಪರ್ಶವಿಲ್ಲದೆ ಲಾಬಿಗೆ ಹೋದರೆ ಯಾರು ಔಟ್, ಬೋನಸ್ ಇದೆಯೇ, ಪಂದ್ಯ ಸಮವಾದರೆ ಐದು ರೈಡ್‌ಗಳ ನಿರ್ಣಯವೋ ಹೆಚ್ಚುವರಿ ಸಮಯವೋ ಎಂಬುದನ್ನು ಟಾಸ್‌ಗೆ ಮೊದಲು ಎರಡೂ ತಂಡಗಳ ನಾಯಕರನ್ನು ಕರೆದು ಹೇಳಿಬಿಡುವ ರೆಫ್ರಿಯ ಪಂದ್ಯದಲ್ಲಿ ನಡುವೆ ಆಟ ನಿಲ್ಲುವ ಸಂದರ್ಭ ಕಡಿಮೆ.